ಕಾಡು ಸೇರದ ಸೇನೆ

1865ರ ಏಪ್ರಿಲ್ 9, ಭಾನುವಾರ ಬೆಳಗ್ಗೆ. ವರ್ಜೀನಿಯಾದ ಅಪೊಮ್ಯಾಟಕ್ಸ್ ಕೋರ್ಟ್‌ಹೌಸ್ ಎಂಬ ಹಳ್ಳಿಯ ಹತ್ತಿರ, ಕಡಿದು ಉರುಳಿಸಿದ್ದ ಓಕ್ ಮರದ ದಿಮ್ಮಿಯ ಮೇಲೆ ಇಬ್ಬರು ಸೇನಾಧಿಕಾರಿಗಳು ಕೂತಿದ್ದರು. ಒಬ್ಬ 58 ವರ್ಷದ ರಾಬರ್ಟ್ ಇ. ಲೀ. ಅಮೆರಿಕದಿಂದ ಸಿಡಿದು ಬೇರೆ ದೇಶ ಕಟ್ಟಲು ಹೊರಟಿದ್ದ ದಕ್ಷಿಣದ ಹನ್ನೊಂದು ರಾಜ್ಯಗಳ ಕೂಟಕ್ಕೆ, ಅಂದರೆ ಕಾನ್ಫೆಡರಸಿಗೆ, ಆತನೇ ಸರ್ವಸೇನಾಪತಿ. ಇನ್ನೊಬ್ಬ ಎಡ್ವರ್ಡ್ ಪೋರ್ಟರ್ ಅಲೆಕ್ಸಾಂಡರ್. ಫಿರಂಗಿ ದಳದ ಬ್ರಿಗೇಡಿಯರ್ ಜನರಲ್, ಇನ್ನೂ ಮೂವತ್ತು ತುಂಬಿರಲಿಲ್ಲ.

ಸೇನೆ ಆಗ ಹೆಸರಿಗಷ್ಟೇ ಸೇನೆ. ಒಂದು ವಾರದ ಹಿಂದೆ ಪೀಟರ್ಸ್‌ಬರ್ಗಿನ ಕಂದಕಗಳನ್ನೂ ರಾಜಧಾನಿ ರಿಚ್ಮಂಡನ್ನೂ ಬಿಟ್ಟು ಹೊರಟವರಲ್ಲಿ ಅರ್ಧ ಜನ ಉಳಿದಿದ್ದರೆ ಹೆಚ್ಚು. ಅಮೀಲಿಯಾ ಎಂಬ ಊರಲ್ಲಿ ರೇಷನ್ ಸಿಗುತ್ತದೆಂದು ನಂಬಿ ಬಂದರೆ ಅಲ್ಲಿ ಕಾಳು ಇರಲಿಲ್ಲ. ಹುರಿದ ಮೆಕ್ಕೆಜೋಳವನ್ನು ಜೇಬಿಗೆ ತುಂಬಿಕೊಂಡು ಅಗಿಯುತ್ತಾ ನಡೆದರು. ನಡೆಯಲಾರದವರು ರಸ್ತೆ ಬದಿಯಲ್ಲೇ ಕುಸಿದು ಕೂತರು. ಏಪ್ರಿಲ್ 6ರಂದು ಸೇಲರ್ಸ್ ಕ್ರೀಕ್ ಎಂಬ ಹಳ್ಳದ ಬಳಿ ಒಂದೇ ದಿನ 7,000ಕ್ಕೂ ಹೆಚ್ಚು ಮಂದಿ, ಎಂಟು ಜನರಲ್‌ಗಳ ಸಮೇತ, ಸೆರೆ ಸಿಕ್ಕರು. 8ರ ಸಂಜೆ ಅಪೊಮ್ಯಾಟಕ್ಸ್ ಸ್ಟೇಷನ್ನಿನಲ್ಲಿ ನಿಂತಿದ್ದ ಆಹಾರದ ರೈಲುಗಳನ್ನು ಉತ್ತರದ ಅಶ್ವದಳ ಹಿಡಿದುಕೊಂಡಿತು. 9ರ ನಸುಕಿನಲ್ಲಿ ಜಾನ್ ಬಿ. ಗಾರ್ಡನ್ ಎಂಬ ಜನರಲ್ ಕೊನೆಯ ಸಲ ಮುನ್ನುಗ್ಗಿ ನೋಡಿದ. ಎದುರಿದ್ದ ಕುದುರೆ ಸವಾರರು ಪಕ್ಕಕ್ಕೆ ಸರಿದಾಗ ಅವರ ಹಿಂದೆ ಕಾಲಾಳುಗಳ ದೊಡ್ಡ ಸಾಲು ಕಾಣಿಸಿತು. ರಾತ್ರಿಯಿಡೀ ನಡೆದು ಬಂದಿದ್ದ ಆ ಪಡೆಯಲ್ಲಿ ಕರಿಯ ಸೈನಿಕರ ರೆಜಿಮೆಂಟುಗಳೂ ಇದ್ದವು. ಹಿಂದಿನ ದಾರಿಯನ್ನು ಇನ್ನೊಂದು ಸೇನೆ ಆಗಲೇ ಮುಚ್ಚಿತ್ತು.

ಅಲೆಕ್ಸಾಂಡರ್ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದ. ಶರಣಾಗುವುದು ಬೇಡ, ಸೇನೆಯನ್ನು ಚದುರಿಸಿಬಿಡೋಣ. ಸೈನಿಕರು ಬಂದೂಕಿನೊಂದಿಗೆ ಪೊದೆಗಳಲ್ಲಿ ನುಸುಳಿ ಕಾಡು ಸೇರಲಿ. ಕೆಲವರು ಉತ್ತರ ಕೆರೊಲಿನಾದಲ್ಲಿರುವ ಜೋಸೆಫ್ ಜಾನ್‌ಸ್ಟನ್‌ನ ಸೇನೆಯನ್ನು ಕೂಡಿಕೊಳ್ಳಲಿ, ಉಳಿದವರು ತಮ್ಮ ತಮ್ಮ ರಾಜ್ಯಗಳಿಗೆ ಹೋಗಿ ಗವರ್ನರ್‌ಗಳ ಮುಂದೆ ಹಾಜರಾಗಲಿ. ಉತ್ತರದ ಸರ್ವಸೇನಾಪತಿ ಗ್ರಾಂಟ್‌ನ ಮುಂದೆ ಕೈಯೊಡ್ಡಿ ನಿಲ್ಲುವ ಅವಮಾನವಾದರೂ ತಪ್ಪುತ್ತದೆ.

ಅದು ಕೇವಲ ಬಿಸಿರಕ್ತದ ಮಾತಾಗಿರಲಿಲ್ಲ. ನಾಲ್ಕು ವರ್ಷ ಹೋರಾಡಿದ ಸಾವಿರಾರು ಜನರ ಎದೆಯಲ್ಲಿ ಅದೇ ಯೋಚನೆಯಿತ್ತು. ದಕ್ಷಿಣದ ನೆಲ ವಿಶಾಲ. ಬೆಟ್ಟ, ಜೌಗು, ದಟ್ಟ ಕಾಡು ಎಲ್ಲವೂ ಇತ್ತು. ಕುದುರೆ ಸವಾರಿಯೂ ಗುರಿ ಹೊಡೆಯುವುದೂ ಆ ಸೈನಿಕರಿಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಅವರು ನಿಜವಾಗಿ ಕಾಡು ಸೇರಿದ್ದರೆ ಅಮೆರಿಕದ ಯುದ್ಧ ಇನ್ನೂ ಎಷ್ಟು ವರ್ಷ ಎಳೆಯುತ್ತಿತ್ತೋ.

ಲೀ ಮೊದಲು ಲೆಕ್ಕ ಕೇಳಿದ. ಎಷ್ಟು ಮಂದಿ ತಪ್ಪಿಸಿಕೊಂಡು ಹೋದಾರು? ಮೂರರಲ್ಲಿ ಎರಡು ಪಾಲು ಎಂದ ಅಲೆಕ್ಸಾಂಡರ್. ಈಗ ಇರುವುದೇ ಸುಮಾರು 15,000 ಬಂದೂಕು, ಅದರಲ್ಲಿ ಎರಡು ಪಾಲು ಎಲ್ಲೆಲ್ಲೋ ಹರಡಿಕೊಂಡರೆ ಯುದ್ಧದ ಗತಿ ಬದಲಾಗುವುದಿಲ್ಲ ಎಂದ ಲೀ. ಆಮೇಲೆ ಅವನು ಆಡಿದ ಮಾತಿನ ಸಾರಾಂಶವನ್ನು ಅಲೆಕ್ಸಾಂಡರ್ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ಈ ಜನರಿಗೆ ಊಟವಿಲ್ಲ, ಮೇಲೆ ಶಿಸ್ತು ಹೇಳುವವರಿಲ್ಲ. ನಾಲ್ಕು ವರ್ಷದ ಯುದ್ಧ ಈಗಾಗಲೇ ಅವರನ್ನು ಕೆಡಿಸಿದೆ. ಹೊಟ್ಟೆಪಾಡಿಗೆ ಕದಿಯಬೇಕು, ದೋಚಬೇಕು. ಅವರನ್ನು ಅಟ್ಟಿಸಿಕೊಂಡು ಶತ್ರುವಿನ ಅಶ್ವದಳ ಇದುವರೆಗೆ ಕಾಲಿಡದ ಊರುಗಳಿಗೂ ನುಗ್ಗುತ್ತದೆ. ದೇಶ ಅದರಿಂದ ಚೇತರಿಸಿಕೊಳ್ಳಲು ವರ್ಷಗಳೇ ಬೇಕಾಗುತ್ತವೆ. ನೀವು ಹುಡುಗರು ಬೇಕಾದರೆ ಕಾಡಿಗೆ ಹೋಗಬಹುದು, ನನ್ನ ಮಟ್ಟಿಗೆ ಗ್ರಾಂಟ್‌ನ ಬಳಿ ಹೋಗಿ ಆದದ್ದನ್ನು ಅನುಭವಿಸುವುದೊಂದೇ ಮರ್ಯಾದೆಯ ದಾರಿ. ಅಲೆಕ್ಸಾಂಡರ್‌ಗೆ ಉತ್ತರ ತೋಚಲಿಲ್ಲ. ಆ ಸಲಹೆ ಕೊಟ್ಟದ್ದಕ್ಕೇ ನಾಚಿಕೆಯಾಯಿತೆಂದು ಅವನು ಬರೆದಿದ್ದಾನೆ.

ಆ ದಿಮ್ಮಿಯ ಮೇಲಿನ ಮಾತುಕತೆಗೆ ಅಮೆರಿಕದ ಇತಿಹಾಸದಲ್ಲಿ ದೊಡ್ಡ ಹೆಸರಿದೆ. ಸೋತ ಸೇನಾಪತಿಯೊಬ್ಬ ಗೆರಿಲ್ಲಾ ಯುದ್ಧವನ್ನು ಬೇಡವೆಂದು ದೇಶವನ್ನು ಉಳಿಸಿದ ಎಂದು ಪುಸ್ತಕಗಳು ಹೊಗಳುತ್ತವೆ. ಲೀ ಅಂದು ತೆಗೆದುಕೊಂಡ ನಿರ್ಧಾರ ಸರಿಯಾದದ್ದೇ ಎಂದು ನಾನೂ ಒಪ್ಪುತ್ತೇನೆ. ಆದರೆ ಆ ನಿರ್ಧಾರ ಯಾರನ್ನು ಉಳಿಸಿತು, ಯಾರನ್ನು ಉಳಿಸಲಿಲ್ಲ ಎಂದು ಕೇಳದೆ ಆ ಹೊಗಳಿಕೆಯನ್ನು ಹಾಗೆಯೇ ಸ್ವೀಕರಿಸಲು ನನ್ನಿಂದ ಆಗದು.

ಕಾನ್ಫೆಡರಸಿಯ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ವಿಚಾರ ಬೇರೆಯೇ ಇತ್ತು. ರಿಚ್ಮಂಡ್ ಬಿಟ್ಟು ರೈಲಿನಲ್ಲಿ ಡ್ಯಾನ್‌ವಿಲ್‌ಗೆ ಓಡಿಬಂದ ಅವನು ಏಪ್ರಿಲ್ 4ರಂದು ಜನರಿಗೆ ಒಂದು ಘೋಷಣೆ ಹೊರಡಿಸಿದ. ನಗರಗಳನ್ನು ಕಾಯುವ ಹೊರೆ ಇಳಿಯಿತು, ನಮ್ಮ ಸೇನೆ ಇನ್ನು ಬೇಕಾದಲ್ಲಿ ಸಂಚರಿಸಿ ಶತ್ರುವನ್ನು ಹೊಡೆಯಬಹುದು, ಹೋರಾಟದ ಹೊಸ ಹಂತ ಶುರುವಾಗಿದೆ ಎಂಬುದು ಅದರ ಧಾಟಿ. ಗೆರಿಲ್ಲಾ ಎಂಬ ಪದ ಅದರಲ್ಲಿ ಇರಲಿಲ್ಲ. ರಾಜಧಾನಿಯೂ ಖಜಾನೆಯೂ ಕಾರ್ಖಾನೆಯೂ ಇಲ್ಲದ ಸೇನೆ ಇನ್ನಾವ ಬಗೆಯ ಯುದ್ಧ ಮಾಡಲು ಸಾಧ್ಯವಿತ್ತು?

ಆ ಬಗೆಯ ಯುದ್ಧ ಹೇಗಿರುತ್ತದೆಂದು ತಿಳಿಯಲು ಯಾರೂ ಊಹೆ ಮಾಡಬೇಕಾಗಿರಲಿಲ್ಲ. ಮಿಸ್ಸೂರಿ ರಾಜ್ಯದಲ್ಲಿ ಅದು ಆಗಲೇ ನಡೆದಿತ್ತು. ಅಲ್ಲಿ ನಿಜವಾದ ಸೇನೆಗಳ ಕಾದಾಟ ಬೇಗ ಮುಗಿದು, ಪೊದೆಗಳಲ್ಲಿ ಅಡಗಿ ಹೊಡೆಯುವ ಬುಷ್‌ವ್ಯಾಕರ್‌ಗಳ ಕಾಲ ಬಂದಿತ್ತು. ಹೆಚ್ಚಿನವರು ರೈತರ ಮನೆಯ ಹುಡುಗರು. ಒಬ್ಬೊಬ್ಬನ ಸೊಂಟದಲ್ಲಿ ಎರಡು ಮೂರು ರಿವಾಲ್ವರ್. ತಾಯಿ, ತಂಗಿ, ಪ್ರೇಯಸಿಯರು ಹೊಲಿದು ಎದೆಗೆ ಹೂಬಳ್ಳಿಯ ಕಸೂತಿ ಹಾಕಿಕೊಟ್ಟ ಅಂಗಿ, ಅದರಲ್ಲಿ ಗುಂಡು ಮದ್ದು ಇಟ್ಟುಕೊಳ್ಳಲು ಆಳವಾದ ಜೇಬು. ಎಷ್ಟೋ ಸಲ ಆ ಅಂಗಿಯ ಮೇಲೆ ಸತ್ತ ಶತ್ರುವಿನ ನೀಲಿ ಸಮವಸ್ತ್ರ ತೊಟ್ಟು ಬರುತ್ತಿದ್ದರು. ಬಾಗಿಲು ತಟ್ಟುವವನು ಯಾವ ಪಕ್ಷದವನೆಂದು ಮನೆಯೊಳಗಿನವನಿಗೆ ಗೊತ್ತಾಗುತ್ತಿರಲಿಲ್ಲ. ತಪ್ಪು ಉತ್ತರ ಕೊಟ್ಟರೆ ಅಂಗಳದಲ್ಲೇ ಹೆಣ ಬೀಳುತ್ತಿತ್ತು.

1863ರ ಆಗಸ್ಟ್ 21ರ ಮುಂಜಾನೆ ವಿಲಿಯಂ ಕ್ವಾಂಟ್ರಿಲ್ ಎಂಬ ನಾಯಕ ಸುಮಾರು 400 ಸವಾರರೊಂದಿಗೆ ಗಡಿ ದಾಟಿ ಕ್ಯಾನ್ಸಸ್‌ನ ಲಾರೆನ್ಸ್ ಪಟ್ಟಣಕ್ಕೆ ನುಗ್ಗಿದ. ಗುಲಾಮಗಿರಿಯ ವಿರೋಧಿಗಳು ಕಟ್ಟಿದ ಊರು ಅದು. ಕೆಲವೇ ತಾಸಿನಲ್ಲಿ 150ಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರು ಸತ್ತರು. ಅವರಲ್ಲಿ ಬಹುಪಾಲು ಕೈಯಲ್ಲಿ ಆಯುಧವಿಲ್ಲದವರು, ಹಲವರು ಹೆಂಡತಿ ಮಕ್ಕಳ ಕಣ್ಣೆದುರೇ ಸತ್ತವರು. ಊರಿನ ಅಂಗಡಿಬೀದಿ ಸುಟ್ಟು ಬೂದಿಯಾಯಿತು. ನಾಲ್ಕೇ ದಿನದಲ್ಲಿ ಉತ್ತರದ ಜನರಲ್ ಥಾಮಸ್ ಯೂಯಿಂಗ್ 11ನೇ ನಂಬರಿನ ಆಜ್ಞೆ ಹೊರಡಿಸಿದ. ಗೆರಿಲ್ಲಾಗಳಿಗೆ ಅನ್ನ ಹಾಕುವ ಮನೆಗಳೇ ಇಲ್ಲದಂತೆ ಮಾಡುವುದು ಅದರ ಉದ್ದೇಶ. ಮಿಸ್ಸೂರಿಯ ಗಡಿಯ ಮೂರು ಕೌಂಟಿಗಳು ಮತ್ತು ನಾಲ್ಕನೆಯದರ ಒಂದು ಭಾಗದ ಜನ 15 ದಿನದೊಳಗೆ ಊರು ಬಿಡಬೇಕು. ಸುಮಾರು 20,000 ಮಂದಿ ಬಂಡಿಗಳಲ್ಲಿ, ನಡೆದು, ಹಸುವಿನ ಹಗ್ಗ ಹಿಡಿದು ಹೊರಟರು. ಅವರು ಬಿಟ್ಟುಹೋದ ಮನೆಗಳಿಗೆ ಸೈನಿಕರು ಬೆಂಕಿಯಿಟ್ಟರು. ಹೊಲದ ಮಧ್ಯೆ ಬರೀ ಒಲೆಯ ಹೊಗೆಗೂಡುಗಳು ನಿಂತಿದ್ದ ಆ ಸೀಮೆಗೆ ಸುಟ್ಟ ಜಿಲ್ಲೆ ಎಂಬ ಹೆಸರು ಬಂತು.

ಮುಂದಿನ ವರ್ಷ ಸೆಪ್ಟೆಂಬರ್ 27ರಂದು ಸೆಂಟ್ರಾಲಿಯಾ ಎಂಬ ಸ್ಟೇಷನ್ನಿನಲ್ಲಿ ಬುಷ್‌ವ್ಯಾಕರ್ ನಾಯಕ ಬಿಲ್ ಆಂಡರ್ಸನ್‌ನ ಗುಂಪು ರೈಲು ನಿಲ್ಲಿಸಿ, ರಜೆಯ ಮೇಲೆ ಊರಿಗೆ ಹೊರಟಿದ್ದ ಇಪ್ಪತ್ತಕ್ಕೂ ಹೆಚ್ಚು ನಿಶ್ಶಸ್ತ್ರ ಸೈನಿಕರನ್ನು ಇಳಿಸಿ ಸಾಲಾಗಿ ನಿಲ್ಲಿಸಿ ಕೊಂದಿತು. ಅವರನ್ನು ಅರಸಿ ಬಂದ ಉತ್ತರದ ದಳದಲ್ಲಿ ನೂರಕ್ಕೂ ಹೆಚ್ಚು ಮಂದಿ ಅದೇ ಮಧ್ಯಾಹ್ನ ಹತರಾದರು. ಕಾನ್ಫೆಡರೇಟ್ ಸರ್ಕಾರವೇ ಇಂಥ ದಳಗಳಿಗೆ 1862ರ ಕಾನೂನಿನಿಂದ ಮಾನ್ಯತೆ ಕೊಟ್ಟಿತ್ತು. 1864ರ ಫೆಬ್ರವರಿಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ಹಿಂತೆಗೆದುಕೊಳ್ಳಿ ಎಂದವರಲ್ಲಿ ಲೀ ಕೂಡ ಒಬ್ಬ. ಇಂಥವರಿಂದ ಸೇನೆಗೆ ಆಗುವ ಲಾಭಕ್ಕಿಂತ ನಮ್ಮ ಜನಕ್ಕೇ ಆಗುವ ಹಾನಿ ಹೆಚ್ಚು ಎಂದು ಅವನು ಕಂಡುಕೊಂಡಿದ್ದ. ದಿಮ್ಮಿಯ ಮೇಲೆ ಕೂತು ಆಡಿದ ಮಾತು ಆ ಬೆಳಗ್ಗೆ ಹುಟ್ಟಿದ್ದಲ್ಲ.

ಲೀ ಬಾಯಿ ಬಿಟ್ಟು ಹೇಳದ ಇನ್ನೊಂದು ಕಾರಣವಿತ್ತು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಾರಣ ಅದೇ. ಗೆರಿಲ್ಲಾ ಬದುಕುವುದು ಹಳ್ಳಿಯ ಜನರ ಮೇಲೆ. ಅವರು ರೊಟ್ಟಿ ಕೊಡಬೇಕು, ಅಟ್ಟದಲ್ಲಿ ಅಡಗಿಸಬೇಕು, ಹುಡುಕಿಕೊಂಡು ಬಂದವರಿಗೆ ಸುಳ್ಳು ದಾರಿ ತೋರಿಸಬೇಕು. ದಕ್ಷಿಣದ ಹಳ್ಳಿಗಳಲ್ಲಿ ಇದ್ದವರು ಯಾರು? ಕಾನ್ಫೆಡರಸಿಯ ಸುಮಾರು 90 ಲಕ್ಷ ಜನರಲ್ಲಿ 35 ಲಕ್ಷ ಮಂದಿ ಗುಲಾಮರು. ದಕ್ಷಿಣ ಕೆರೊಲಿನಾ, ಮಿಸಿಸಿಪಿಗಳಲ್ಲಿ ಅವರದೇ ಬಹುಸಂಖ್ಯೆ. ಉತ್ತರದ ಸೇನೆಗೆ ಕಾಡಿನ ಕಾಲುದಾರಿ ತೋರಿಸಿದವರು ಅವರು. ಜೈಲಿನಿಂದ ತಪ್ಪಿಸಿಕೊಂಡ ಉತ್ತರದ ಸೈನಿಕರಿಗೆ ರಾತ್ರಿ ಊಟ ಹಾಕಿ ಮುಂದಿನ ಗುಡಿಸಲಿಗೆ ದಾಟಿಸಿದವರೂ ಅವರೇ. ಸುಮಾರು 1,80,000 ಕರಿಯರು ಉತ್ತರದ ಸೇನೆಯಲ್ಲಿ ಬಂದೂಕು ಹಿಡಿದಿದ್ದರು, ಅವರಲ್ಲಿ ಹೆಚ್ಚಿನವರು ನಿನ್ನೆ ಮೊನ್ನೆವರೆಗೆ ದಕ್ಷಿಣದ ತೋಟಗಳಲ್ಲಿ ದುಡಿದವರು. ಬೆಟ್ಟಗಳ ಬಡ ಬಿಳಿಯರೂ ಡೇವಿಸ್‌ನ ಕಡೆ ಇರಲಿಲ್ಲ. ಪೂರ್ವ ಟೆನೆಸಿಯಲ್ಲಿ, ಮಿಸಿಸಿಪಿಯ ಜೋನ್ಸ್ ಕೌಂಟಿಯಲ್ಲಿ ಕಾನ್ಫೆಡರಸಿಯ ವಿರುದ್ಧವೇ ಜನ ಕಾಡು ಸೇರಿದ್ದರು. ಗುಲಾಮಗಿರಿಯನ್ನು ಉಳಿಸಲು ಹುಟ್ಟಿದ ದೇಶ ಗುಲಾಮರ ನಡುವೆ ಅಡಗಿ ಹೋರಾಡಲಾರದು. ಜಮೀನ್ದಾರನಿಗೆ ಬೇಕಾದದ್ದು ಕಾಯ್ದೆ, ಪೊಲೀಸು, ಕೋರ್ಟು ಮತ್ತು ಕೆಲಸಕ್ಕೆ ಬರುವ ಆಳು. ಕಾಡಿನಲ್ಲಿ ಇವು ಯಾವುವೂ ಸಿಗುವುದಿಲ್ಲ.

ಆ ಮಧ್ಯಾಹ್ನ ಲೀ ಹೊಸ ಸಮವಸ್ತ್ರ ತೊಟ್ಟು, ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ವಿಲ್ಮರ್ ಮೆಕ್ಲೀನ್ ಎಂಬವನ ಮನೆಯ ಪಡಸಾಲೆಗೆ ಹೋದ. ಯುಲಿಸಿಸ್ ಗ್ರಾಂಟ್ ಕೆಸರು ಮೆತ್ತಿದ ಬೂಟಿನಲ್ಲೇ ಬಂದ. ಗ್ರಾಂಟ್ ಬರೆದ ಷರತ್ತುಗಳು ಒಂದು ಕಾಗದದಲ್ಲಿ ಮುಗಿಯುವಷ್ಟು ಚಿಕ್ಕವು. ಅದರ ಶುದ್ಧ ಪ್ರತಿಯನ್ನು ತೆಗೆದವನು ಸೆನೆಕಾ ಬುಡಕಟ್ಟಿನ ಇಲೈ ಪಾರ್ಕರ್. ಆಯುಧ ಒಪ್ಪಿಸಿ, ಮತ್ತೆ ಯುದ್ಧಕ್ಕೆ ಇಳಿಯುವುದಿಲ್ಲವೆಂದು ಮಾತು ಕೊಟ್ಟು ಎಲ್ಲರೂ ಮನೆಗೆ ಹೋಗಬಹುದು. ಅಧಿಕಾರಿಗಳು ತಮ್ಮ ಪಿಸ್ತೂಲು, ಕತ್ತಿ, ಸ್ವಂತ ಕುದುರೆ ಇಟ್ಟುಕೊಳ್ಳಬಹುದು. ಕೊಟ್ಟ ಮಾತಿಗೂ ತಾವಿರುವ ಊರಿನ ಕಾನೂನಿಗೂ ತಪ್ಪದೆ ಇರುವವರೆಗೆ ಅಮೆರಿಕದ ಸರ್ಕಾರ ಅವರ ತಂಟೆಗೆ ಬರುವುದಿಲ್ಲ. ನಮ್ಮಲ್ಲಿ ಸಾಮಾನ್ಯ ಸವಾರನಿಗೂ ಕುದುರೆ ಅವನದೇ ಎಂದ ಲೀ. ಅವರೆಲ್ಲ ಸಣ್ಣ ರೈತರು, ಕುದುರೆಯಿಲ್ಲದೆ ಈ ವರ್ಷದ ಬಿತ್ತನೆ ಆಗಲಾರದು ಎಂದು ಗ್ರಾಂಟ್ ಅದಕ್ಕೂ ಒಪ್ಪಿದ. ಹಸಿದವರಿಗೆ 25,000 ಜನರ ರೇಷನ್ ಕಳಿಸಿಕೊಟ್ಟ.

ಅಪೊಮ್ಯಾಟಕ್ಸ್‌ನ ಇಡೀ ಕಥೆಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆಮೇಲೆ ನಡೆದ ಒಂದು ಗುಮಾಸ್ತಿಕೆ ಕೆಲಸ. ಹಳ್ಳಿಯ ಕ್ಲೋವರ್ ಹಿಲ್ ಎಂಬ ಹೋಟೆಲಿನಲ್ಲಿ ಸೇನೆಯ ಅಚ್ಚಿನ ಯಂತ್ರಗಳನ್ನು ಇಟ್ಟು ಆ ಮಾತು ಕೊಟ್ಟು ಬಿಡುಗಡೆಯಾದದ್ದಕ್ಕೆ ಸಾಕ್ಷಿಯಾದ ಪೆರೋಲ್ ಚೀಟಿಗಳನ್ನು ಅಚ್ಚು ಹಾಕಿದರು. ಅಂಗೈ ಅಗಲದ ಕಾಗದ, ಸೈನಿಕನ ಹೆಸರು ಬರೆಯಲು ಒಂದು ಖಾಲಿ ಗೆರೆ, ಕೆಳಗೆ ಅವನದೇ ಸೇನೆಯ ಅಧಿಕಾರಿಯ ಸಹಿ. ಸುಮಾರು 28,000 ಮಂದಿಗೆ ಪೆರೋಲ್ ಸಿಕ್ಕಿತು. ಇದನ್ನು ತೋರಿಸಿದರೆ ಉತ್ತರದ ಉಗ್ರಾಣಗಳಲ್ಲಿ ಊಟ, ರೈಲು ದೋಣಿಗಳಲ್ಲಿ ಪುಕ್ಕಟೆ ಪ್ರಯಾಣ. ಕಾಡಿಗೆ ಹೋದವನಿಗೆ ಹಸಿವು ಮತ್ತು ನೇಣು, ಚೀಟಿ ಪಡೆದವನಿಗೆ ರೊಟ್ಟಿ ಮತ್ತು ಮನೆ. ಲೀಯ ಮಾತನ್ನು ಕೇಳಿ ಎಷ್ಟು ಜನ ಮನೆಗೆ ಹೋದರೋ, ಈ ಚೀಟಿ ನಂಬಿ ಹೋದವರೂ ಅಷ್ಟೇ ಇರಬೇಕು.

ಜೂನ್‌ನಲ್ಲಿ ನಾರ್ಫೋಕ್‌ನ ಫೆಡರಲ್ ಗ್ರ್ಯಾಂಡ್ ಜೂರಿಯೊಂದು ಲೀಯ ಮೇಲೆ ರಾಜದ್ರೋಹದ ಆರೋಪ ಹೊರಿಸಿದಾಗ ಆ ಚೀಟಿಯ ಬೆಲೆ ಪರೀಕ್ಷೆಗೆ ಬಂತು. ನಾನು ಕೊಟ್ಟ ಮಾತನ್ನು ಮುರಿದರೆ ರಾಜೀನಾಮೆ ಕೊಡುತ್ತೇನೆ ಎಂದು ಗ್ರಾಂಟ್ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್‌ಗೆ ಹೇಳಿದ. ಮೊಕದ್ದಮೆ ಅಲ್ಲಿಗೇ ನಿಂತಿತು.

ಲೀ ಶರಣಾದರೂ ಯುದ್ಧ ಮುಗಿದಿರಲಿಲ್ಲ. ಡೇವಿಸ್ ಇನ್ನೂ ದಕ್ಷಿಣಕ್ಕೆ ಓಡುತ್ತಿದ್ದ. ಏಪ್ರಿಲ್ 12 ಮತ್ತು 13ರಂದು ಗ್ರೀನ್ಸ್‌ಬರೋದಲ್ಲಿ ತನ್ನ ಮಂತ್ರಿಗಳನ್ನೂ ಜನರಲ್‌ಗಳಾದ ಜಾನ್‌ಸ್ಟನ್, ಬೊರೆಗಾರ್ಡ್‌ರನ್ನೂ ಕರೆಸಿಕೊಂಡು, ಊರಿಗೆ ಓಡಿಹೋದವರನ್ನು ವಾಪಸು ಕರೆಸಿ ಮತ್ತೆ ಸೇನೆ ಕಟ್ಟೋಣ ಎಂದ. ಜಾನ್‌ಸ್ಟನ್ ಮುಚ್ಚುಮರೆಯಿಲ್ಲದೆ ಮಾತಾಡಿದ. ಜನಕ್ಕೆ ಯುದ್ಧ ಸಾಕಾಗಿದೆ, ನನ್ನ ಸೈನಿಕರು ದಿನಾ ಕರಗುತ್ತಿದ್ದಾರೆ, ಇನ್ನು ಮುಂದುವರಿಸುವುದು ಘೋರ ಅಪರಾಧವಾಗುತ್ತದೆ. ಅವನು ಮಾತಾಡುತ್ತಿರುವಷ್ಟು ಹೊತ್ತೂ ಡೇವಿಸ್ ತಲೆಯೆತ್ತದೆ ಕೈಯಲ್ಲಿದ್ದ ಕಾಗದದ ಚೂರೊಂದನ್ನು ಮಡಿಸುತ್ತಾ ಬಿಡಿಸುತ್ತಾ ಕೂತಿದ್ದನೆಂದು ಅಲ್ಲಿದ್ದ ಮಂತ್ರಿಯೊಬ್ಬ ಬರೆದಿದ್ದಾನೆ.

ಉತ್ತರದವರಿಗೂ ಕಾಡಿನ ಭಯ ಕಾಡುತ್ತಿತ್ತು. ಜಾರ್ಜಿಯಾವನ್ನು ಸೀಳಿಕೊಂಡು ಸಮುದ್ರದವರೆಗೆ ನಡೆದು ಹೋದ ವಿಲಿಯಂ ಟಿ. ಶರ್ಮನ್‌ಗೆ ಎದುರಿಗೆ ನಿಂತ ಸೇನೆಯ ಹೆದರಿಕೆ ಇರಲಿಲ್ಲ. ಅದು ಚೂರುಚೂರಾಗಿ ಲೆಕ್ಕವಿಲ್ಲದ ಗುಂಪುಗಳಾಗಿಬಿಟ್ಟರೆ ಏನು ಗತಿ ಎಂಬ ಚಿಂತೆ ಮಾತ್ರ ಅವನ ಪತ್ರಗಳಲ್ಲಿ ಕಾಣುತ್ತದೆ. ಮಾರ್ಚ್ ಕೊನೆಗೆ ಅಮೆರಿಕದ ಅಂದಿನ ಅಧ್ಯಕ್ಷ ಲಿಂಕನ್ ತನ್ನ ಸೇನಾಪತಿಗಳನ್ನು ಹಡಗಿನಲ್ಲಿ ಭೇಟಿಯಾದಾಗಲೂ ಸೋತವರು ಬೇಗ ಮನೆಗೆ, ಹೊಲಕ್ಕೆ ಹೋಗಲಿ ಎಂದೇ ಬಯಸಿದ್ದ. ಏಪ್ರಿಲ್ 17ರಂದು ಶರ್ಮನ್ ಮತ್ತು ಜಾನ್‌ಸ್ಟನ್ ಉತ್ತರ ಕೆರೊಲಿನಾದ ಬೆನೆಟ್ ಎಂಬ ರೈತನ ಮನೆಯಲ್ಲಿ ಎದುರುಬದುರು ಕೂತಾಗ, ಲಿಂಕನ್‌ನ ಕೊಲೆಯ ಸುದ್ದಿ ತಂದ ತಂತಿ ಶರ್ಮನ್‌ನ ಜೇಬಿನಲ್ಲಿತ್ತು. ತನ್ನ ಸೇನೆಗೆ ಅವನು ಅದನ್ನು ಇನ್ನೂ ತಿಳಿಸಿರಲಿಲ್ಲ. ಶರ್ಮನ್ ತೋರಿಸಿದ ತಂತಿಯನ್ನು ಓದುತ್ತಿದ್ದ ಜಾನ್‌ಸ್ಟನ್‌ನ ಹಣೆಯ ಮೇಲೆ ಬೆವರು ದಪ್ಪ ಹನಿಗಳಾಗಿ ಮೂಡಿತು. ಒಂದು ಮಾತು ಆಚೀಚೆಯಾಗಿದ್ದರೆ ಉತ್ತರದ ಸೈನಿಕರು ಆ ರಾಜ್ಯವನ್ನು ಸುಟ್ಟುಬಿಡುತ್ತಿದ್ದರು.

ಅವರು ಮಾಡಿಕೊಂಡ ಮೊದಲ ಒಪ್ಪಂದ ತೀರಾ ಉದಾರವಾಯಿತೆಂದು ವಾಷಿಂಗ್ಟನ್ ತಳ್ಳಿಹಾಕಿತು. ಆಗ ಡೇವಿಸ್ ಕಡೆಯಿಂದ ಜಾನ್‌ಸ್ಟನ್‌ಗೆ ಸೂಚನೆ ಬಂತು: ಕಾಲಾಳುಗಳನ್ನು ಚದುರಿಸು, ಮುಂದೊಂದು ಜಾಗದಲ್ಲಿ ಸೇರಲು ಹೇಳು, ಕುದುರೆದಳ ತೆಗೆದುಕೊಂಡು ಹೊರಟು ಬಾ. ಅಲೆಕ್ಸಾಂಡರ್ ಕೊಟ್ಟ ಸಲಹೆಯೇ ಈಗ ಅಧ್ಯಕ್ಷನ ಅಪ್ಪಣೆಯಾಗಿ ಬಂದಿತ್ತು. ಇದರಿಂದ ದೊಡ್ಡವರು ತಪ್ಪಿಸಿಕೊಳ್ಳಬಹುದು, ಜನ ಮತ್ತು ಸೈನಿಕರು ಹಾಳಾಗುತ್ತಾರೆ ಎಂದುಕೊಂಡ ಜಾನ್‌ಸ್ಟನ್ ಅಪ್ಪಣೆ ಮೀರಿದ. ಏಪ್ರಿಲ್ 26ರಂದು ಕೆರೊಲಿನಾಗಳು, ಜಾರ್ಜಿಯಾ, ಫ್ಲಾರಿಡಾಗಳಲ್ಲಿದ್ದ 89,000ಕ್ಕೂ ಹೆಚ್ಚು ಸೈನಿಕರನ್ನು ಒಪ್ಪಿಸಿದ. ಲೀಯದಕ್ಕಿಂತ ಇದು ದೊಡ್ಡ ಶರಣಾಗತಿ. ಇದಕ್ಕೆ ಬೇಕಾದ ಧೈರ್ಯವೂ ದೊಡ್ಡದು. ಲೀ ಸುತ್ತಲೂ ಮುತ್ತಿಗೆ ಬಿದ್ದು ಶರಣಾದ. ಜಾನ್‌ಸ್ಟನ್‌ನ ಹಿಂದೆ ದಾರಿ ಇನ್ನೂ ತೆರೆದಿತ್ತು. ಇತಿಹಾಸ ಅವನಿಗೆ ಸಲ್ಲಬೇಕಾದ ಹೆಸರನ್ನು ಕೊಟ್ಟಿಲ್ಲ.

ಉಳಿದವರದು ಬೇಗ ಮುಗಿಯಿತು. ವರ್ಜೀನಿಯಾದಲ್ಲಿ ಉತ್ತರದವರ ನಿದ್ದೆಗೆಡಿಸಿದ್ದ ಜಾನ್ ಮಾಸ್ಬಿ ಏಪ್ರಿಲ್ 21ರಂದು ತನ್ನ ದಳವನ್ನು ವಿಸರ್ಜಿಸಿದ. ಅಶ್ವದಳದ ಜನರಲ್ ನೇಥನ್ ಬೆಡ್‌ಫರ್ಡ್ ಫಾರೆಸ್ಟ್ ಮೇ 9ರಂದು ಅಲಬಾಮಾದಲ್ಲಿ, ಮನೆಗೆ ಹೋಗಿ ಕಾನೂನು ಪಾಲಿಸಿ ಎಂದು ಸೈನಿಕರಿಗೆ ಹೇಳಿ ಬೀಳ್ಕೊಟ್ಟ. ಮರುದಿನ ಡೇವಿಸ್ ಜಾರ್ಜಿಯಾದಲ್ಲಿ ಸಿಕ್ಕಿಬಿದ್ದ. ಟೆಕ್ಸಸ್‌ನ ಸೇನೆ ಉಗ್ರಾಣ ದೋಚಿಕೊಂಡು ತಾನಾಗಿಯೇ ಮನೆಗೆ ಹೋಯಿತು. ಜನರಲ್ ಜೋ ಶೆಲ್ಬಿ ಕೆಲವು ನೂರು ಸವಾರರೊಂದಿಗೆ ಮೆಕ್ಸಿಕೋಗೆ ದಾಟಿದ. ಚೆರೋಕಿ ನಾಯಕ ಸ್ಟ್ಯಾಂಡ್ ವೇಟಿ ಜೂನ್ 23ರಂದು ಶರಣಾದ. ಅಲೆಕ್ಸಾಂಡರ್ ಬ್ರೆಜಿಲ್ ಸೇನೆ ಸೇರುವ ಯೋಚನೆ ಮಾಡಿ ಕೊನೆಗೆ ಊರಿಗೇ ಮರಳಿದ. ಮಿಸ್ಸೂರಿಯ ಹುಡುಗರು ಮಾತ್ರ ಕಾಡಿನ ಚಟ ಬಿಡಲಿಲ್ಲ. 1866ರ ಫೆಬ್ರವರಿ 13ರಂದು ಲಿಬರ್ಟಿ ಎಂಬ ಊರಿನಲ್ಲಿ ಹಾಡುಹಗಲೇ ಬ್ಯಾಂಕು ದೋಚಿದವರು ಹಳೆಯ ಬುಷ್‌ವ್ಯಾಕರ್‌ಗಳು. ಬೀದಿಯಲ್ಲಿದ್ದ ಒಬ್ಬ ಕಾಲೇಜು ವಿದ್ಯಾರ್ಥಿ ಅವರ ಗುಂಡಿಗೆ ಸತ್ತ. ಮುಂದೆ ದರೋಡೆಗೆ ಹೆಸರಾದ ಜೆಸ್ಸಿ ಜೇಮ್ಸ್ ಕೂಡ ಹದಿಹರೆಯದಲ್ಲಿ ಬಿಲ್ ಆಂಡರ್ಸನ್‌ನ ಗುಂಪಿನಲ್ಲಿ ತಯಾರಾದವನೇ. ಲೀ ಹೆದರಿದ್ದು ಇದಕ್ಕೇ.

ಈ ಶರಣಾಗತಿಯ ಬಿಸಿ ನಮ್ಮ ಧಾರವಾಡ ಸೀಮೆಗೂ ತಟ್ಟಿತ್ತೆಂಬುದನ್ನು ನಾವು ಮರೆತಿದ್ದೇವೆ. ಯುದ್ಧ ಕಾಲದಲ್ಲಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಇಂಗ್ಲೆಂಡಿನ ಗಿರಣಿಗಳಿಗೆ ಅರಳೆ ನಿಂತಾಗ, ಎರೆಭೂಮಿಯಲ್ಲಿ ಬೆಳೆಯುತ್ತಿದ್ದ ಧಾರವಾಡ-ಅಮೆರಿಕನ್ ತಳಿಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಅಂಡಿಗೆಗಳು ಘಟ್ಟ ಇಳಿದು ಕುಮಟೆಗೆ ಹೋದವು. ಕಾರವಾರವನ್ನು ಹತ್ತಿಯ ಬಂದರು ಮಾಡುವ ಆಸೆಯಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದೂ ಆಗಲೇ. ಲೀ ಶರಣಾದ ಸುದ್ದಿಯೊಂದಿಗೆ ದರ ಕುಸಿಯಿತು. 1865ರ ಜುಲೈ ಹೊತ್ತಿಗೆ ಮುಂಬೈನ ಬ್ಯಾಂಕುಗಳೂ ಷೇರು ಕಂಪನಿಗಳೂ ಮಗುಚಿಬಿದ್ದವು.

ಇನ್ನು ನಾನು ಮೊದಲೇ ಎತ್ತಿದ ಪ್ರಶ್ನೆ. ಶರಣಾದವನಿಗೆ ಅನ್ನ, ಕುದುರೆ, ಮರ್ಯಾದೆ ಕೊಟ್ಟ ಈ ಯುದ್ಧದಲ್ಲಿ ಎಲ್ಲರಿಗೂ ಶರಣಾಗುವ ಹಕ್ಕು ಇರಲಿಲ್ಲ. 1864ರ ಏಪ್ರಿಲ್ 12ರಂದು ಟೆನೆಸಿಯ ಫೋರ್ಟ್ ಪಿಲ್ಲೋ ಎಂಬ ಕೋಟೆಯಲ್ಲಿ ಕೈಯೆತ್ತಿ ನಿಂತ ಕರಿಯ ಸೈನಿಕರನ್ನು ಫಾರೆಸ್ಟ್‌ನ ಪಡೆ ಕೊಂದುಹಾಕಿತು. ಅದೇ ಅಕ್ಟೋಬರ್‌ನಲ್ಲಿ ಲೀ ಕೈದಿಗಳ ವಿನಿಮಯ ಮಾಡೋಣವೆಂದಾಗ, ಕರಿಯ ಸೈನಿಕರನ್ನೂ ಕೊಡುತ್ತೀರಾ ಎಂದು ಗ್ರಾಂಟ್ ಕೇಳಿದ. ನಮ್ಮ ನಾಗರಿಕರಿಗೆ ಸೇರಿದ ಗುಲಾಮರು ವಿನಿಮಯಕ್ಕೆ ಬರುವುದಿಲ್ಲ ಎಂದು ಲೀ ಬರೆದ. ಮಾತು ಅಲ್ಲಿಗೆ ಮುರಿಯಿತು. ಅಪೊಮ್ಯಾಟಕ್ಸ್‌ನಲ್ಲಿ ತನ್ನವರಿಗೆ ಸಿಕ್ಕಿದ ಮರ್ಯಾದೆಯನ್ನು ಲೀ ಆರು ತಿಂಗಳ ಹಿಂದೆ ಬೇರೆಯವರಿಗೆ ನಿರಾಕರಿಸಿದ್ದ.

ಗ್ರಾಂಟ್‌ನ ಷರತ್ತುಗಳು ಸೈನಿಕನನ್ನು ಮನೆಗೆ ಕಳಿಸಿದವು. ಮನೆಗೆ ಹೋದ ಮೇಲೆ ಅವನು ಏನು ಮಾಡಬೇಕು, ಪಕ್ಕದ ಗುಡಿಸಲಿನಲ್ಲಿ ಈಗಷ್ಟೇ ಬಿಡುಗಡೆಯಾದವರ ಜೊತೆ ಹೇಗೆ ಬಾಳಬೇಕು ಎಂಬುದು ಆ ಕಾಗದದಲ್ಲಿ ಇರಲಿಲ್ಲ. ತಾವಿರುವ ಊರಿನ ಕಾನೂನು ಪಾಲಿಸಬೇಕು ಎಂದಿತ್ತು. ಆ ವರ್ಷದ ನವೆಂಬರ್‌ನಲ್ಲೇ ಮಿಸಿಸಿಪಿಯ ಶಾಸನಸಭೆ ಕರಿಯರಿಗೆಂದೇ ಬೇರೆ ಕಾನೂನು ಮಾಡಿತು. ಕೆಲಸದ ಕರಾರು ಪತ್ರವಿಲ್ಲದೆ ಸಿಕ್ಕವನನ್ನು ಅಲೆಮಾರಿಯೆಂದು ಹಿಡಿದು ದಂಡ ಹಾಕಬಹುದು, ದಂಡ ಕಟ್ಟದವನನ್ನು ಬಾಡಿಗೆಗೆ ದುಡಿಯಲು ಕೊಡಬಹುದು. ಬೇರೆ ರಾಜ್ಯಗಳೂ ಅದೇ ಹಾದಿ ಹಿಡಿದವು.

ಉತ್ತರದ ಕಾಂಗ್ರೆಸ್ ಆ ಕಾನೂನುಗಳನ್ನು ಕೆಡವಿ ಕರಿಯರಿಗೆ ಮತದಾನದ ಹಕ್ಕು ಕೊಟ್ಟಾಗ, 1865ರ ವಸಂತದಲ್ಲಿ ಬೇಡವೆಂದ ಗೆರಿಲ್ಲಾ ಯುದ್ಧ ಶುರುವಾಯಿತು. ಟೆನೆಸಿಯ ಪುಲಾಸ್ಕಿಯಲ್ಲಿ ಮಾಜಿ ಸೇನಾಧಿಕಾರಿಗಳು ಹುಟ್ಟುಹಾಕಿದ ಕೂ ಕ್ಲಕ್ಸ್ ಕ್ಲಾನ್ ಎಂಬ ರಹಸ್ಯ ಸಂಘಕ್ಕೆ ಫಾರೆಸ್ಟನೇ ಮೊದಲ ಮುಖಂಡನೆಂದು ಹೆಸರಾದ. ಗೆರಿಲ್ಲಾಗೆ ಬೇಕಾದದ್ದೆಲ್ಲ ಈಗ ಅವರ ಬಳಿ ಇತ್ತು. ಹಗಲು ಹೊಲ, ರಾತ್ರಿ ಕುದುರೆ. ಮುಖಕ್ಕೆ ಮುಸುಕು. ಸಾಕ್ಷಿ ಹೇಳದ ನೆರೆಹೊರೆ, ಶಿಕ್ಷೆ ಕೊಡದ ಜೂರಿ. 1865ರಲ್ಲಿ 10 ಲಕ್ಷವಿದ್ದ ಉತ್ತರದ ಸೇನೆ ಅಷ್ಟರಲ್ಲಿ ಕರಗಿಹೋಗಿತ್ತು. ಶಾಲಾ ಮೇಷ್ಟ್ರು, ಮತ ಹಾಕಿದ ರೈತ, ಸ್ವಂತ ತುಂಡು ಭೂಮಿ ಕೊಂಡ ಮಾಜಿ ಸೈನಿಕ ಒಬ್ಬೊಬ್ಬರನ್ನೇ ರಾತ್ರಿ ಎಬ್ಬಿಸಿ ಹೊರಗೆಳೆದರು. 1871ರ ಅಕ್ಟೋಬರ್‌ನಲ್ಲಿ, ಆಗ ಅಧ್ಯಕ್ಷನಾಗಿದ್ದ ಗ್ರಾಂಟ್, ದಕ್ಷಿಣ ಕೆರೊಲಿನಾದ ಒಂಬತ್ತು ಕೌಂಟಿಗಳಲ್ಲಿ ಬಂಧಿಸಿದವರನ್ನು ಕೋರ್ಟಿನ ಮುಂದೆ ತರಬೇಕೆಂಬ ಹೇಬಿಯಸ್ ಕಾರ್ಪಸ್ ಹಕ್ಕನ್ನೇ ಅಮಾನತಿನಲ್ಲಿಟ್ಟು ನೂರಾರು ಜನರನ್ನು ಹಿಡಿಸಿದ. ಕ್ಲಾನ್ ಮುರಿಯಿತು. ಅದರ ಜಾಗಕ್ಕೆ ಮುಸುಕನ್ನೂ ಹಾಕದ ಪಡೆಗಳು ಬಂದವು.

1873ರ ಏಪ್ರಿಲ್ 13, ಈಸ್ಟರ್ ಭಾನುವಾರ. ಲೂಸಿಯಾನಾದ ಕೋಲ್‌ಫ್ಯಾಕ್ಸ್ ಎಂಬ ಊರು ಗ್ರಾಂಟ್‌ನ ಹೆಸರಿನ ಜಿಲ್ಲೆಯಲ್ಲೇ ಇದೆ. ಚುನಾವಣೆಯ ಜಗಳದಲ್ಲಿ ಅಲ್ಲಿನ ಕೋರ್ಟು ಕಟ್ಟಡವನ್ನು ಕಾಯುತ್ತಿದ್ದ ಕರಿಯರ ಮೇಲೆ ನೂರಕ್ಕೂ ಹೆಚ್ಚು ಬಿಳಿಯರು ಒಂದು ಸಣ್ಣ ಫಿರಂಗಿಯೊಂದಿಗೆ ನುಗ್ಗಿದರು. ಅವರ ಮುಂದಾಳು ಕ್ರಿಸ್ಟೋಫರ್ ಕೊಲಂಬಸ್ ನ್ಯಾಶ್, ಯುದ್ಧದಲ್ಲಿ ಉತ್ತರದವರ ಕೈಗೆ ಸೆರೆ ಸಿಕ್ಕು ಜೀವ ಸಹಿತ ಮನೆಗೆ ಬಂದ ಕಾನ್ಫೆಡರೇಟ್ ಅಧಿಕಾರಿ. ಕಟ್ಟಡದ ಸೂರಿಗೆ ಬೆಂಕಿ ಬಿತ್ತು. ಒಳಗಿದ್ದವರು ಶರಣಾದರು. ಹೊರಬಂದವರಲ್ಲಿ ಹಲವರನ್ನು ಅಲ್ಲೇ ಕೊಂದರು. ಕೈದಿಗಳಾಗಿ ಹಿಡಿದವರನ್ನು ರಾತ್ರಿ ಕರೆದುಕೊಂಡು ಹೋಗಿ ತಲೆಗೆ ಗುಂಡು ಹೊಡೆದರು. ಸತ್ತ ಕರಿಯರ ಸಂಖ್ಯೆಯನ್ನು ಇತಿಹಾಸಕಾರರು 62ರಿಂದ 150ರವರೆಗೆ ಅಂದಾಜು ಮಾಡುತ್ತಾರೆ. ಸತ್ತ ಬಿಳಿಯರು ಮೂವರು. 97 ಜನರ ಮೇಲೆ ಆರೋಪಪಟ್ಟಿಯಾಗಿ, ಶಿಕ್ಷೆಯಾದದ್ದು ಮೂವರಿಗೆ. 1876ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು.

ಅಪೊಮ್ಯಾಟಕ್ಸ್‌ನಲ್ಲಿ ಲೀಯ ಎಡಬಲಕ್ಕಿದ್ದ ಇಬ್ಬರು ಜನರಲ್‌ಗಳ ಮುಂದಿನ ಬದುಕು ನೋಡಿ. ಕೊನೆಯ ಸಲ ಮುನ್ನುಗ್ಗಿದ ಗಾರ್ಡನ್ ಜಾರ್ಜಿಯಾದ ಕ್ಲಾನ್‌ಗೆ ಮುಖ್ಯಸ್ಥನೆಂದು ಎಲ್ಲರ ಬಾಯಲ್ಲಿದ್ದ. ಕಾಂಗ್ರೆಸ್ ಸಮಿತಿಯ ಮುಂದೆ ಕ್ಲಾನ್ ಗೊತ್ತಿಲ್ಲವೆಂದ, ಒಂದು ರಹಸ್ಯ ಸಂಘದಲ್ಲಿ ಇದ್ದುದನ್ನು ಒಪ್ಪಿದ. 1873ರಲ್ಲಿ ಅಮೆರಿಕದ ಸೆನೆಟ್‌ಗೆ ಹೋದ. ಇನ್ನೊಬ್ಬ ಜೇಮ್ಸ್ ಲಾಂಗ್‌ಸ್ಟ್ರೀಟ್. ಸೋತ ಮೇಲೆ ಸೋಲನ್ನು ಪೂರ್ತಿ ಒಪ್ಪಿಕೊಳ್ಳಬೇಕು, ಕರಿಯರ ಮತವನ್ನೂ ಒಪ್ಪಬೇಕು ಎಂದು ಅವನು ಗ್ರಾಂಟ್‌ನ ಪಕ್ಷ ಸೇರಿದ. 1874ರ ಸೆಪ್ಟೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನ ಬೀದಿಯಲ್ಲಿ ಪೊಲೀಸರನ್ನೂ ಬಹುಪಾಲು ಕರಿಯರೇ ಇದ್ದ ರಾಜ್ಯದ ಪಡೆಯನ್ನೂ ಮುನ್ನಡೆಸಿ, ಸಾವಿರಾರು ಸಂಖ್ಯೆಯಲ್ಲಿ ಬಂದ, ಬಿಳಿಯರ ಸಶಸ್ತ್ರ ಸಂಘವಾದ ವೈಟ್ ಲೀಗ್‌ನವರನ್ನು ಎದುರಿಸಿ ಗಾಯಗೊಂಡು ಸೆರೆ ಸಿಕ್ಕ. ದಕ್ಷಿಣ ಗಾರ್ಡನ್‌ನನ್ನು ವೀರನೆಂದು ಮೆರೆಸಿತು, ಲಾಂಗ್‌ಸ್ಟ್ರೀಟ್‌ನನ್ನು ದ್ರೋಹಿಯೆಂದು ಕರೆಯಿತು. ಶರಣಾಗತಿಯ ಮಾತನ್ನು ಕೊನೆವರೆಗೆ ನಡೆಸಿಕೊಟ್ಟವನು ನನ್ನ ದೃಷ್ಟಿಯಲ್ಲಿ ಲಾಂಗ್‌ಸ್ಟ್ರೀಟ್.

1877ರಲ್ಲಿ ವಾಷಿಂಗ್ಟನ್ ದಕ್ಷಿಣದ ರಾಜಧಾನಿಗಳ ಕಾವಲಿನಿಂದ ಕೊನೆಯ ಪಡೆಗಳನ್ನು ಹಿಂತೆಗೆದುಕೊಂಡಿತು. ಎರಡನೆಯ ಯುದ್ಧದಲ್ಲಿ ಗೆದ್ದವರು ಕಾಡಿಗೆ ಹೋಗಬೇಕಾಗಿಯೇ ಬರಲಿಲ್ಲ. ಮೊದಲ ಯುದ್ಧವನ್ನು ನಿಲ್ಲಿಸಿದ ಲೀ 1866ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಸಮಿತಿಯ ಮುಂದೆ ಕೂತು, ಕರಿಯರು ವರ್ಜೀನಿಯಾ ಬಿಟ್ಟು ಹೋದರೆ ಒಳ್ಳೆಯದು, ಅವರಿಗೆ ಮತದ ಹಕ್ಕು ಈಗ ಬೇಡ ಎಂದು ಸಾಕ್ಷಿ ಹೇಳಿದ್ದ. ಆ ಸಾಕ್ಷ್ಯವನ್ನು ಓದಿದವರು ಓಕ್ ದಿಮ್ಮಿಯ ಮೇಲಿನ ಮಾತುಕತೆಯನ್ನು ಮತ್ತೊಮ್ಮೆ ಓದಬೇಕು. ದೇಶ ಚೇತರಿಸಿಕೊಳ್ಳಲು ವರ್ಷಗಳೇ ಬೇಕಾಗುತ್ತವೆ ಎಂದಾಗ ಅವನ ಮನಸ್ಸಿನಲ್ಲಿದ್ದ ದೇಶದಲ್ಲಿ ಆ 35 ಲಕ್ಷ ಜನ ಇರಲಿಲ್ಲ.

ಕೋಲ್‌ಫ್ಯಾಕ್ಸ್‌ನಲ್ಲಿ 1950ರಲ್ಲಿ ಸರ್ಕಾರ ನೆಟ್ಟ ಫಲಕವೊಂದು ಆ ಕೊಲೆಗಳನ್ನು ದಂಗೆಯೆಂದು ಕರೆದು, ಹೊರಗಿನವರ ದುರಾಡಳಿತ ಅಲ್ಲಿಗೆ ಕೊನೆಗೊಂಡಿತೆಂದು ಬರೆದಿತ್ತು. ಅದನ್ನು ಕಿತ್ತು ತೆಗೆದದ್ದು 2021ರಲ್ಲಿ. ಶರಣಾಗಿ ಸತ್ತವರ ಹೆಸರುಗಳಿರುವ ಸ್ಮಾರಕ ಅಲ್ಲಿ ನಿಂತದ್ದು 2023ರ ಏಪ್ರಿಲ್‌ನಲ್ಲಿ, ಆ ಭಾನುವಾರ ಕಳೆದು 150 ವರ್ಷವಾದ ಮೇಲೆ.